ತಂತಿಯಕ್ಕನ ನಾನೂರ ಮೂವತ್ತೆರಡು

ಊರಿನವರು ಅವಳನ್ನು ತಂತಿಯಕ್ಕ ಎಂದೂ ಅವಳ ಗಂಡನನ್ನು ಬೀಗದಣ್ಣ ಎಂದೂ ಕರೆಯುತ್ತಿದ್ದರು. ಹೊಸದಾಗಿ ಬಂದವರು ಈ ಅಕ್ಕ-ಅಣ್ಣನನ್ನು ಒಡಹುಟ್ಟಿದವರೆಂದೇ ತಿಳಿದು, ಆಮೇಲೆ ನಿಜ ಗೊತ್ತಾಗಿ ನಾಲಿಗೆ ಕಚ್ಚಿಕೊಳ್ಳುವುದಿತ್ತು. ಅವಳದು ಪಿಯಾನೋಗಳನ್ನು ಶ್ರುತಿ ಮಾಡುವ ಕೆಲಸ. ಅವನದು ಬೀಗ ರಿಪೇರಿ ಮಾಡುವ, ಕಳೆದುಹೋದ ಕೀಗಳಿಗೆ ಬದಲಿ ಕೀ ಕೊರೆದುಕೊಡುವ ಸಣ್ಣ ಅಂಗಡಿ. "ಅವಳು ನೋಡಿಕೊಳ್ಳೋದೂ ಕೀ, ನಾನು ನೋಡಿಕೊಳ್ಳೋದೂ ಕೀ. ಅವಳ ಕೀ ಒತ್ತಿದ್ರೆ ಹಾಡು ಬರುತ್ತೆ, ನನ್ನ ಕೀ ತಿರುಗಿಸಿದ್ರೆ ಬಾಗಿಲು ತೆಗೆಯುತ್ತೆ, ಅಷ್ಟೇ ವ್ಯತ್ಯಾಸ" ಎಂದು ಅವನು ಗಿರಾಕಿಗಳಿಗೆ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದ. ಮೂವತ್ತು ವರ್ಷದಿಂದ ಅವಳು ಅದನ್ನು ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು.

ಈ ಕೆಲಸ ಅವಳಿಗೆ ತವರಿನಿಂದ ಬಂದದ್ದಲ್ಲ, ಮಾವನಿಂದ ಬಂದದ್ದು. ಅವಳು ಸೊಸೆಯಾಗಿ ಆ ಮನೆಗೆ ಬಂದ ಮೊದಲ ವಾರ, ನಡುಮನೆಯ ಗೋಡೆ ಗಡಿಯಾರ ನಾಲ್ಕು ಹೊಡೆಯಿತು. ಅವಳು ತರಕಾರಿ ಹೆಚ್ಚುತ್ತಲೇ ಗಂಡನಿಗೆ, "ಈ ಗಡಿಯಾರ ಅಂಗಡಿ ಗಡಿಯಾರಕ್ಕಿಂತ ಸ್ವಲ್ಪ ತಗ್ಗಿದೆ ಅಲ್ವಾ?" ಅಂದಳು. ಅವನು ಕೈಗಡಿಯಾರ ನೋಡಿಕೊಂಡು, "ಇಲ್ಲವಲ್ಲ, ಸರಿಯಾಗೇ ಇದೆ" ಅಂದ. "ಹೊತ್ತಲ್ಲ ರೀ, ದನಿ" ಅಂದಳು ಅವಳು. ಮೂಲೆಯ ಕುರ್ಚಿಯಲ್ಲಿ ಪೇಪರು ಓದುತ್ತಿದ್ದ ಮಾವ ಪೇಪರನ್ನು ಕೆಳಗಿಟ್ಟರು.

ಅವರು ಆ ಊರಿಗೂ ಸುತ್ತಲಿನ ನಾಲ್ಕು ಊರಿಗೂ ಇದ್ದ ಒಬ್ಬರೇ ಪಿಯಾನೋ ಶ್ರುತಿಗಾರರು. ಒಬ್ಬನೇ ಮಗನಿಗೆ ಕೆಲಸ ಕಲಿಸಲು ಹೋಗಿ, ಅವನಿಗೆ ಪಿಯಾನೋ ದನಿಗೂ ಬಕೆಟ್ಟಿನ ದನಿಗೂ ಅಂಥ ವ್ಯತ್ಯಾಸ ಕಾಣುವುದಿಲ್ಲವೆಂದು ಗೊತ್ತಾಗಿ, ಕೈಚೆಲ್ಲಿ ಅವನನ್ನು ಬೀಗದ ಅಂಗಡಿಗೆ ಸೇರಿಸಿದ್ದರು. ಅವತ್ತು ಸೊಸೆಯನ್ನು ಕರೆದುಕೊಂಡು ಹೋಗಿ, ರಿಪೇರಿಗೆ ಬಂದಿದ್ದ ಹಳೆಯ ಪಿಯಾನೋ ಮುಂದೆ ನಿಲ್ಲಿಸಿ ಒಂದು ಕೀ ಒತ್ತಿದರು. "ಕೇಳಿಸಿತಾ? ಹೋಗು, ನಿನ್ನ ಕೆಲಸ ಮಾಡು." ಒಂದು ಗಂಟೆಯ ಮೇಲೆ ಅಡುಗೆಮನೆ ಬಾಗಿಲಿಗೆ ಬಂದು, "ಆಗ ಒತ್ತಿದ್ನಲ್ಲ, ಅದನ್ನ ಹೇಳು ನೋಡೋಣ" ಅಂದರು. ಅವಳು ಸೌಟು ಹಿಡಿದುಕೊಂಡೇ ಆ ಸ್ವರವನ್ನು ಗುನುಗಿದಳು. ಅವರು ಹೋಗಿ ಕೀ ಒತ್ತಿ ನೋಡಿದರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇರಲಿಲ್ಲ.

"ನಿನಗಿದು ಎಲ್ಲಿಂದ ಬಂತಮ್ಮ?" ಎಂದು ಕೇಳಿದರು.

"ಎಲ್ಲರಿಗೂ ಇರುತ್ತಲ್ವಾ ಮಾವ?" ಅಂದಳು ಅವಳು. ಅವಳು ಹಾಗೇ ಅಂದುಕೊಂಡಿದ್ದಳು. ಕೆಂಪನ್ನು ಕಂಡು ಕೆಂಪು ಅನ್ನಲು ಪಕ್ಕದಲ್ಲಿ ಇನ್ನೊಂದು ಬಣ್ಣ ಇಟ್ಟುಕೊಳ್ಳಬೇಕಿಲ್ಲವಲ್ಲ, ಅವಳಿಗೆ ಸ್ವರಗಳು ಹಾಗಿದ್ದವು. ಒಂದೊಂದಕ್ಕೂ ಒಂದೊಂದು ಮುಖ. ಲಿಫ್ಟಿನ ಗಂಟೆಯದು ಒಂದು, ಪಾತ್ರೆ ಮುಚ್ಚಳದ್ದು ಇನ್ನೊಂದು. ಗಂಡ ಸೀನಿದರೂ ಅದು ಯಾವ ಸ್ವರದಲ್ಲಿತ್ತೆಂದು ಹೇಳಬಲ್ಲವಳಾಗಿದ್ದಳು.

ಮಾವ ಮೂರು ವರ್ಷ ಅವಳನ್ನು ಜೊತೆಗೆ ಕರೆದುಕೊಂಡು ತಿರುಗಿದರು. ಪಿಯಾನೋದ ಒಳಗೆ ಇನ್ನೂರು ಚಿಲ್ಲರೆ ತಂತಿಗಳಿರುತ್ತವೆ. ಎರಡು ತಂತಿಗಳು ಇನ್ನೇನು ಕೂಡುವಂತಿದ್ದೂ ಕೂಡದಿದ್ದಾಗ ಅವುಗಳ ನಡುವೆ ಒಂದು ನಡುಕ ಹುಟ್ಟುತ್ತದೆ. ಮಾವ ಅದನ್ನು ಅಲೆ ಅನ್ನುತ್ತಿದ್ದರು. ತಂತಿಯ ಮೊಳೆಯನ್ನು ಕೂದಲಷ್ಟು ತಿರುಗಿಸುತ್ತ, ಅಲೆ ನಿಧಾನವಾಗಿ, ಇನ್ನೂ ನಿಧಾನವಾಗಿ, ಕೊನೆಗೆ ಕೆರೆಯ ನೀರಿನಂತೆ ನಿಂತುಬಿಡುವುದನ್ನು ಕೇಳುವುದೇ ಇಡೀ ವಿದ್ಯೆ. ಆದರೆ ಮೊದಲ ತಂತಿಗೆ ಒಂದು ಆಧಾರ ಬೇಕು. ಅದಕ್ಕೆ ಮಾವನ ಹತ್ತಿರ ಎರಡು ಕವಲಿನ ಉಕ್ಕಿನ ಶ್ರುತಿಕವೆ ಇತ್ತು. ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದರೆ ಅದು ಸೆಕೆಂಡಿಗೆ ನಾನೂರ ನಲವತ್ತು ಸಲ ಕಂಪಿಸಿ, ‘ಎ’ ಎಂದು ಕರೆಯುವ ಸ್ವರವನ್ನು ಕೊಡುತ್ತಿತ್ತು. ಲೋಕದಲ್ಲೆಲ್ಲ ವಾದ್ಯಗಳನ್ನು ಕೂಡಿಸುವುದು ಆ ಸ್ವರಕ್ಕೆ.

ತಂತಿಯಕ್ಕನಿಗೆ ಅದು ಬೇಕಾಗಲಿಲ್ಲ. ಆ ಸ್ವರ ಅವಳ ತಲೆಯೊಳಗೇ ಇತ್ತು. "ನನ್ನ ಸೊಸೆಗೆ ಕವೆ ಬೇಡ" ಎಂದು ಮಾವ ಹೋದಲ್ಲೆಲ್ಲ ಹೇಳುತ್ತಿದ್ದರು, ಮನೆ ಕಟ್ಟಿಸಿದವರು ಮನೆಯ ಬಗ್ಗೆ ಹೇಳುವ ಹಾಗೆ. ಅವರು ತೀರಿಕೊಂಡ ಮೇಲೆ ಕವೆ ಅವರ ಪೆಟ್ಟಿಗೆ ಸೇರಿತು, ಪೆಟ್ಟಿಗೆ ಅಟ್ಟ ಸೇರಿತು. ಬೇರೆ ಊರಿನ ಶ್ರುತಿಗಾರರು ಫೋನಿನ ಶ್ರುತಿ ಆ್ಯಪ್‌ನಲ್ಲಿ ಮುಳ್ಳು ನೋಡಿಕೊಂಡು ತಂತಿ ಬಿಗಿಯುವುದನ್ನು ಕಂಡರೆ ಅವಳು ಮೂಗು ಮುರಿಯುತ್ತಿದ್ದಳು. "ಜ್ವರ ನೋಡೋ ಹಾಗೆ ನೋಡ್ತಾರಪ್ಪ" ಅನ್ನುತ್ತಿದ್ದಳು.

ಹೀಗೆ ಮೂವತ್ತೆಂಟು ಪಿಯಾನೋಗಳು ಅವಳ ಕೈಕೆಳಗೆ ಬಂದವು. ಶಾಲೆಯದು, ನಾಟ್ಯ ಕಲಿಸುವವರದು, ಹೋಟೆಲಿನ ಹಾಲಿನದು, ನಿವೃತ್ತರ ಹಾಡುಗಾರಿಕೆ ಬಳಗದ್ದು, ಮಿಕ್ಕವು ಮನೆಗಳವು. ವರ್ಷಕ್ಕೆರಡು ಸಲ ಕೈಚೀಲ ಹಿಡಿದು, ಒಳಗೆ ಪಕ್ಕದ ತಂತಿಗಳನ್ನು ಸುಮ್ಮನಿರಿಸುವ ಉಣ್ಣೆಪಟ್ಟಿ, ಮೊಳೆ ತಿರುಗಿಸುವ ಹಿಡಿ, ಒಂದು ಟಾರ್ಚು ಇಟ್ಟುಕೊಂಡು ಅವಳು ಬಂದಳೆಂದರೆ ಮನೆಯವರು ಮಿಕ್ಸಿ ನಿಲ್ಲಿಸಿ, ನಲ್ಲಿ ಬಿಗಿ ಮಾಡಿ, ತುದಿಗಾಲಲ್ಲಿ ಓಡಾಡುತ್ತಿದ್ದರು.

ಐವತ್ತೈದು ದಾಟಿದ ಮೇಲೆ ಅವಳಿಗೊಂದು ಗೊಣಗಾಟ ಶುರುವಾಯಿತು. ಲೋಕವೆಲ್ಲ ಮೇಲಕ್ಕೆ ಹೋಗುತ್ತಿದೆ ಎಂಬುದು ಅವಳ ದೂರು. ರೇಡಿಯೋದವರು ಹಾಡುಗಳನ್ನು ಏರಿಸಿ ಹಾಕುತ್ತಿದ್ದಾರೆ. ರೈಲ್ವೆ ಗೇಟಿನ ಗಂಟೆ ಏರಿದೆ. ಮನೆಯ ಕರೆಗಂಟೆಯಂತೂ ಕೀರಲಾಗಿದೆ. ಕರೆಂಟು ಜಾಸ್ತಿ ಬರುತ್ತಿರಬೇಕು, ಬಿಚ್ಚಿ ನೋಡಿ ಎಂದು ಗಂಡನನ್ನು ಸ್ಟೂಲು ಹತ್ತಿಸಿದಳು. ಬೀಗದಣ್ಣ ಬಿಚ್ಚಿ, ಧೂಳು ಊದಿ, ಮತ್ತೆ ಸೇರಿಸಿ, "ಈಗ ನೋಡು" ಅಂದ. "ಹಾಗೇ ಇದೆ" ಅಂದಳು.

"ಲೋಕದಲ್ಲಿ ಎಲ್ಲಾನೂ ಏರ್ತಿರೋವಾಗ ಅದೊಂದು ಪಾಪ ಯಾಕೆ ಕೆಳಗೇ ಇರ್ಬೇಕು ಬಿಡೇ" ಎಂದು ಅವನು ಸ್ಟೂಲು ಇಳಿದ.

ಗೊಣಗಾಟದ ಹಿಂದೆ ಅವಳು ಯಾರಿಗೂ ಹೇಳದ ಒಂದು ಸಂಕಟವಿತ್ತು. ನಿಧಾನಗತಿಯ ಒಂದು ಪಿಯಾನೋ ರಾಗ ಅವಳಿಗೆ ಪ್ರಾಣ. ಮಾವ ಪ್ರತಿ ಪಿಯಾನೋವನ್ನೂ ಶ್ರುತಿ ಮಾಡಿ ಮುಗಿಸಿದ ಮೇಲೆ ಅದನ್ನೇ ನುಡಿಸಿ ಪರೀಕ್ಷಿಸುತ್ತಿದ್ದರು. ಅದರ ರೆಕಾರ್ಡು ಮನೆಯಲ್ಲಿತ್ತು. ಮೂರ್ನಾಲ್ಕು ವರ್ಷದಿಂದ ಅದನ್ನು ಹಾಕಿದರೆ ರಾಗ ಅದೇ, ಬೆರಳು ಅದೇ, ಆದರೆ ಒಳಗಿನ ಮುಖ ಬೇರೆ. ಹುಟ್ಟಿ ಬೆಳೆದ ಮನೆಗೆ ಹೋದರೆ ಯಾರೋ ಗೋಡೆಗೆಲ್ಲ ಬೇರೆ ಬಣ್ಣ ಬಳಿದು, ಬಾಗಿಲಲ್ಲಿ ನಿಂತು ‘ಬನ್ನಿ ಕೂತ್ಕೊಳ್ಳಿ’ ಅಂದಂತಾಗುತ್ತಿತ್ತು. ಅವಳು ಕೇಳುವುದನ್ನೇ ಬಿಟ್ಟಳು. ಯಾಕೆಂದು ಗಂಡ ಕೇಳಿದಾಗ, "ದಿನವೆಲ್ಲ ಕೇಳಿ ಕೇಳಿ ಸಾಕಾಗಿರುತ್ತೆ" ಅಂದಳು. ಅವನು ನಂಬಿದ. ಮಿಠಾಯಿ ಅಂಗಡಿಯವನು ಮನೆಗೆ ಬಂದು ಮಿಠಾಯಿ ತಿನ್ನುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಈ ನಡುವೆ ಬೀಗದಣ್ಣನ ಬಲಭುಜ ಹಿಡಿದುಕೊಂಡಿತು. ಮೂವತ್ತು ವರ್ಷ ಅರ ಉಜ್ಜಿದ ಭುಜ, ಶರ್ಟಿನ ತೋಳಿಗೆ ಕೈ ತೂರಿಸಲೂ ಆಗದಂತೆ ಮುಷ್ಕರ ಹೂಡಿತು. ವ್ಯಾಯಾಮ ಮಾಡಿಸುವವರ ಹತ್ತಿರ ಹೋಗುವುದೂ ನಡೆದಿತ್ತು. ಅಷ್ಟರಲ್ಲಿ ಪಕ್ಕದ ಅಂಗಡಿಯ ಕನ್ನಡಕದವರು ಅವನ ಫೋನಿಗೆ ಒಂದಿಷ್ಟು ಸಂಗೀತ ಕಳಿಸಿದರು. "ಇದು ನಾನೂರ ನಲವತ್ತರದ್ದಲ್ಲ, ನಾನೂರ ಮೂವತ್ತೆರಡಕ್ಕೆ ಇಳಿಸಿದ್ದು. ಪ್ರಕೃತಿಯ ಶ್ರುತಿಯಂತೆ. ಕೇಳ್ತಾ ಇದ್ರೆ ನೋವು ಇಳಿಯುತ್ತೆ, ರಕ್ತದೊತ್ತಡ ಇಳಿಯುತ್ತೆ, ಕುಂಡದ ಗಿಡ ಕೂಡ ಚೆನ್ನಾಗಿ ಬರುತ್ತಂತೆ" ಅಂದರು. ಬೀಗದಣ್ಣನಿಗೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯದಿದ್ದರೂ, ಗೆಳೆಯರು ಕಳಿಸಿದ್ದಾರಲ್ಲ ಎಂದು ಬಿಸಿನೀರಿನ ಚೀಲ ಭುಜದ ಮೇಲಿಟ್ಟುಕೊಂಡು ಕೇಳತೊಡಗಿದ.

ತಂತಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಎಂಟು ಕಂಪನ ಕಡಿಮೆ ಮಾಡಿದ್ರೆ ಭುಜ ಸರಿಹೋಗೋದಾದ್ರೆ, ಪೂರ್ತಿ ನಿಲ್ಲಿಸಿಬಿಟ್ರೆ ಸತ್ತವರೇ ಎದ್ದು ಬರ್ಬೇಕಲ್ಲ ರೀ" ಅಂದಳು. "ಮನೆಯಲ್ಲಿ ಜೋರಾಗಿ ಹಾಕಬೇಡಿ, ನನ್ನ ಗಿರಾಕಿಗಳು ಕೇಳಿದ್ರೆ ಮಾನ ಹೋಗುತ್ತೆ" ಎಂದು ಷರತ್ತನ್ನೂ ಹಾಕಿದಳು. ಅವನು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯ ಶಾಂತಿ ಕಾಪಾಡಿದ.

ಶಾಲೆಗೆ ಆ ವರ್ಷ ಹೊಸ ಸಂಗೀತದ ಟೀಚರು ಬಂದರು. ಇನ್ನೂ ಚಿಕ್ಕ ವಯಸ್ಸು, ಕ್ಲಾರಿನೆಟ್ ನುಡಿಸುವವರು. ತಂತಿಯಕ್ಕ ಪಿಯಾನೋ ಶ್ರುತಿ ಮಾಡಿ ಹೋದ ಮೂರನೇ ದಿನ ಅವಳಿಗೆ ಫೋನು ಬಂತು. ಮಧ್ಯಾಹ್ನ ಹೋದಾಗ, ಟೀಚರು ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು.

"ತಪ್ಪು ತಿಳ್ಕೋಬೇಡಿ ಅಕ್ಕ. ಪಿಯಾನೋ ತನ್ನಷ್ಟಕ್ಕೆ ತಾನು ತುಂಬ ಚೆನ್ನಾಗಿದೆ. ಆದ್ರೆ ನನ್ನ ಕ್ಲಾರಿನೆಟ್ ಜೊತೆ ಸೇರ್ತಾ ಇಲ್ಲ. ಪಿಯಾನೋ ಸ್ವಲ್ಪ ಕೆಳಗಿದೆ ಅನ್ಸುತ್ತೆ."

"ಊದಿ ಊದಿ ನಿಮ್ಮ ಪೀಪಿ ಬಿಸಿಯಾಗಿದೆ ಅಷ್ಟೇ" ಅಂದಳು ತಂತಿಯಕ್ಕ. "ಬಿಸಿಯಾದ್ರೆ ಊದೋ ವಾದ್ಯ ಮೇಲಕ್ಕೇರುತ್ತೆ. ಮರದ ಜೋಡಣೆ ಸ್ವಲ್ಪ ಹೊರಗೆಳ್ಕೊಳ್ಳಿ."

"ಎಳೆದು ನೋಡಿದೆ. ಇನ್ನು ಎಳೆದ್ರೆ ಕೈಗೇ ಬರುತ್ತೆ."

ತಂತಿಯಕ್ಕ ಪಿಯಾನೋ ಮುಂದೆ ಕೂತು ‘ಎ’ ಒತ್ತಿದಳು. ಅವಳ ಕಿವಿಗೆ ಅದು ಗೆರೆ ಎಳೆದಂತೆ ಸರಿಯಾಗಿತ್ತು. ಟೀಚರು ಅದೇ ಸ್ವರ ಊದಿದರು. ಅದು ಕೀರಲಾಗಿ, ಮೇಲಕ್ಕೆ ಹಾರಿದಂತೆ ಕೇಳಿಸಿತು. "ನೋಡಿದ್ರಾ?" ಅಂದಳು. ಟೀಚರು ಫೋನು ತೆಗೆಯಲು ಚೀಲಕ್ಕೆ ಕೈ ಹಾಕಿದವರು, ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು. "ಇರಲಿ ಅಕ್ಕ, ಬೇರೆ ಕ್ಲಾರಿನೆಟ್ ತಂದು ನೋಡ್ತೀನಿ" ಅಂದರು.

ತಂತಿಯಕ್ಕ ಮುಖ ಊದಿಸಿಕೊಂಡು ಮನೆಗೆ ನಡೆದಳು. ದಾರಿಯುದ್ದಕ್ಕೂ ಟೀಚರಿಗೆ ಹೇಳಬೇಕಿದ್ದ, ಹೇಳದೆ ಬಿಟ್ಟ ಮಾತುಗಳನ್ನೆಲ್ಲ ಜೋಡಿಸಿಕೊಂಡಳು. ಹುಟ್ಟುವ ಮೊದಲಿನಿಂದ ಈ ಕೆಲಸ ಮಾಡುತ್ತಿದ್ದೇನೆ ಎಂಬುದು ಅದರಲ್ಲೊಂದು. ಯಾರು ಹುಟ್ಟುವ ಮೊದಲು ಎಂಬುದು ಆ ಕೋಪದಲ್ಲಿ ಅವಳಿಗೇ ಸ್ಪಷ್ಟವಿರಲಿಲ್ಲ.

ಅವರ ಮನೆ ಬೀಗದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಅವಳು ಅರ್ಧ ಮೆಟ್ಟಿಲು ಹತ್ತಿದ್ದಳು, ಮೇಲಿನಿಂದ ಪಿಯಾನೋ ಕೇಳಿಸಿತು. ಅದೇ ನಿಧಾನಗತಿಯ ರಾಗ. ಅವಳ ಕಾಲು ನಿಂತಿತು. ಗೋಡೆಗೆ ಬಳಿದಿದ್ದ ಬೇರೆ ಬಣ್ಣ ಉದುರಿಹೋಗಿ ಹಳೆಯದೇ ಕಾಣಿಸಿದಂತೆ, ಪ್ರತಿ ಸ್ವರವೂ ತನ್ನ ತನ್ನ ಮುಖ ಹೊತ್ತು ಬಂದಿತ್ತು. ಮಾವ ಕೋಟಿನ ತೋಳು ಮಡಚಿ, ನುಡಿಸಿ ಮುಗಿಸಿ, ‘ಹೂಂ, ಮುಚ್ಚಳ ಹಾಕಮ್ಮ’ ಅನ್ನುತ್ತಿದ್ದುದು ಪಕ್ಕದಲ್ಲೇ ಕೇಳಿದಂತಾಯಿತು. ಅವಳು ಕೈಚೀಲ ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೇ ಕೂತುಬಿಟ್ಟಳು. ರಾಗ ಮುಗಿಯುವವರೆಗೂ ಏಳಲಿಲ್ಲ. ಕಣ್ಣೀರು ಬಂದದ್ದು ಸೆರಗಿಗೆ ಬಿದ್ದ ಮೇಲೇ ಅವಳಿಗೆ ಗೊತ್ತಾದದ್ದು.

ಒಳಗೆ ಬೀಗದಣ್ಣ ಎಡಗೈಯಲ್ಲಿ ಬಟಾಣಿ ಬಿಡಿಸುತ್ತಿದ್ದ. ಇಯರ್‌ಫೋನಿನ ಚಾರ್ಜು ಮುಗಿದು, ಹೆಂಡತಿ ಇಷ್ಟು ಬೇಗ ಬರುವುದಿಲ್ಲವೆಂಬ ಧೈರ್ಯದಲ್ಲಿ ಫೋನನ್ನು ಜೋರಾಗಿ ಹಾಕಿದ್ದ. ಅವಳನ್ನು ಕಂಡು ಗಾಬರಿಯಿಂದ ಫೋನಿಗೆ ಕೈ ಹಾಕಿದ.

"ಆರಿಸಬೇಡಿ" ಅಂದಳು ಅವಳು. "ಯಾವ ಸ್ಟೇಷನ್ ರೀ ಇದು? ಕೊನೆಗೂ ಒಬ್ಬರಿಗಾದ್ರೂ ಬುದ್ಧಿ ಬಂದು ಸರಿಯಾದ ಶ್ರುತಿಗೆ ಹಾಕಿದ್ದಾರಲ್ಲ."

ಬೀಗದಣ್ಣ ಬಟಾಣಿ ತಟ್ಟೆ ನೋಡಿದ, ಅವಳನ್ನು ನೋಡಿದ. ಸುಳ್ಳು ಹೇಳಬಹುದಿತ್ತು, ಅವನಿಗೆ ಅಷ್ಟು ಬೇಗ ಹೊಳೆಯಲಿಲ್ಲ. "ಸ್ಟೇಷನ್ ಅಲ್ಲ ಕಣೇ. ಇದು ಕನ್ನಡಕದವರು ಕಳಿಸಿದ್ದು. ನಾನೂರ ಮೂವತ್ತೆರಡು."

ತಂತಿಯಕ್ಕ ಸ್ಟೂಲು ತಂದು ಅಟ್ಟದ ಕೆಳಗಿಟ್ಟು ಹತ್ತಿ, ಮಾವನ ಪೆಟ್ಟಿಗೆ ಇಳಿಸಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಶ್ರುತಿಕವೆಯನ್ನು ತೆಗೆದಳು. ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದಳು. ಇನ್ನೊಮ್ಮೆ ಬಡಿದಳು. "ಇದು ಕೆಟ್ಟಿದೆ. ಹಳೇದಾಗಿ ಮೇಲಕ್ಕೆ ಹೋಗಿದೆ" ಎಂದು ಗಂಡನ ಮುಂದೆ ಚಾಚಿದಳು.

ಸ್ವರದ ವಿಷಯದಲ್ಲಿ ಬೀಗದಣ್ಣ ಬಾಯಿ ಹಾಕುವವನಲ್ಲ. ಆದರೆ ಉಕ್ಕು ಅವನ ವಿಷಯ. ಕವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತುದಿಗಳ ಮೇಲೆ ಉಗುರಾಡಿಸಿ ನೋಡಿದ. "ಉಕ್ಕು ತಾನಾಗಿ ಏರಲ್ಲ ಕಣೇ. ತುಕ್ಕು ಹಿಡಿದ್ರೆ ಒಂದಿಷ್ಟು ಇಳೀಬಹುದು, ಹಾಗಂತ ಅಪ್ಪಾನೇ ಹೇಳ್ತಿದ್ರು. ಏರ್ಬೇಕಾದ್ರೆ ಯಾರಾದ್ರೂ ತುದೀನ ಅರ ಹಾಕಿ ಉಜ್ಜಿರ್ಬೇಕು. ಇಲ್ಲಿ ಒಂದು ಗೆರೆಯೂ ಇಲ್ಲ." ಕವೆಯನ್ನು ಅವಳ ಕೈಗೆ ಹಿಂದಿರುಗಿಸುತ್ತ ಆದಷ್ಟು ಮೆತ್ತಗೆ ಅಂದ: "ಕವೆ ಸರಿಯಾಗೇ ಇದೆ."

ಕರೆಗಂಟೆ, ರೈಲ್ವೆ ಗೇಟು, ರೇಡಿಯೋ, ಟೀಚರ ಕ್ಲಾರಿನೆಟ್ ಎಲ್ಲವೂ ಒಂದರ ಹಿಂದೊಂದು ಅವಳ ಮುಂದೆ ಬಂದು ನಿಂತವು. ಲೋಕ ಏರಿರಲಿಲ್ಲ. ಅವಳ ಕಿವಿ ಜಾಗ ಬಿಟ್ಟು ಸರಿದಿತ್ತು. ಅವಳಿಗೆ ಸರಿ ಅನ್ನಿಸುವ ಹಾಗೆ ತಂತಿ ಸಡಿಲಿಸುತ್ತ ಸಡಿಲಿಸುತ್ತ, ಒಂದೊಂದು ವರ್ಷವೂ ಒಂದೊಂದು ಎಳೆಯಷ್ಟು, ಊರಿನ ಪಿಯಾನೋಗಳನ್ನೆಲ್ಲ ಅವಳೇ ಕೆಳಗಿಳಿಸಿದ್ದಳು.

"ಮೂವತ್ತೆಂಟು ಪಿಯಾನೋ" ಅಂದಳು.

"ಎಲ್ಲಾ ಒಟ್ಟಿಗೇ ಇಳಿದಿವೆಯಲ್ಲ, ಒಂದಕ್ಕೊಂದು ಜಗಳ ಇಲ್ಲ" ಅಂದ ಬೀಗದಣ್ಣ. ಅದು ಸಮಾಧಾನದ ಮಾತೆಂದು ಅವನು ನಿಜವಾಗಿಯೂ ನಂಬಿದ್ದ. ಅವಳಿಗೆ ಅಳುವಿನ ನಡುವೆ ನಗು ಬಂತು. ಅವನು ಬಟಾಣಿಯನ್ನು ಪಕ್ಕಕ್ಕಿಟ್ಟು, ನೋವಿಲ್ಲದ ಎಡಗೈಯನ್ನು ಅವಳ ಬೆನ್ನ ಮೇಲಿಟ್ಟು ಬಹಳ ಹೊತ್ತು ಕೂತ.

ಅವರ ಒಬ್ಬಳೇ ಮಗಳು ಆಸ್ಪತ್ರೆಯಲ್ಲಿ ನರ್ಸು. ವಿಷಯ ತಿಳಿದು ಮಾರನೇ ವಾರವೇ ಅಮ್ಮನನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿ, ಈ ವಯಸ್ಸಿಗೆ ಕಿವಿ ಚೆನ್ನಾಗೇ ಕೇಳುತ್ತಿದೆ ಅಂದರು. ನಿಮ್ಮ ಹಾಗೆ ಆಧಾರವಿಲ್ಲದೆ ಸ್ವರ ಹೇಳಬಲ್ಲ ಕೆಲವರಿಗೆ ಐವತ್ತು ದಾಟಿದ ಮೇಲೆ ಹೀಗಾಗುವುದುಂಟು; ಒಳಗಿವಿ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ, ಎಲ್ಲ ಸ್ವಲ್ಪ ಏರಿದಂತೆ ಕೇಳಿಸುತ್ತದೆ, ಮುಂದೆ ಇನ್ನೂ ಸರಿಯಲೂಬಹುದು; ಇದಕ್ಕೆ ಮದ್ದಿಲ್ಲ, ಅಪಾಯವೂ ಇಲ್ಲ ಎಂದು ವಿವರಿಸಿದರು. "ನನಗೂ ಆಗಿರಬಹುದು ಅಮ್ಮ, ಯಾರಿಗೆ ಗೊತ್ತು. ನಿಮ್ಮ ಹತ್ತಿರ ಸ್ವರದ ನೆನಪಿತ್ತು, ಅದಕ್ಕೇ ಸರಿದದ್ದು ಗೊತ್ತಾಯ್ತು" ಅಂದರು.

ಹೊರಗೆ ಬಂದ ಮೇಲೆ ಮಗಳು, "ಸಾಕು ಬಿಡಮ್ಮ, ಇನ್ನು ರೆಸ್ಟ್ ತಗೋ" ಅಂದಳು. ತಂತಿಯಕ್ಕ ಅವಳ ಕಡೆ ನೋಡಿದ ನೋಟಕ್ಕೆ ಮಗಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಮೂರು ದಿನ ತಂತಿಯಕ್ಕ ಮನೆಯಲ್ಲೇ ಇದ್ದಳು. ನಾಲ್ಕನೇ ದಿನ ಬೆಳಿಗ್ಗೆ ಶ್ರುತಿಕವೆಯನ್ನು ಕೈಚೀಲಕ್ಕೆ ಹಾಕಿಕೊಂಡು ಶಾಲೆಗೆ ಹೋದಳು. ದಾರಿಯಲ್ಲಿ ಜೋಡಿಸಿಕೊಂಡಿದ್ದ ಮಾತು ಈ ಸಲ ಒಂದೇ. "ನಿಮ್ಮ ಪೀಪಿ ಸರಿ ಇದೆ. ನನ್ನ ಕಿವಿ ತಪ್ಪಿದೆ."

ಟೀಚರು ಕುರ್ಚಿ ಎಳೆದುಕೊಟ್ಟು, "ಟೀ ಕುಡೀತೀರಾ ಅಕ್ಕ?" ಅಂದರು. ಕುಡಿದರು. ಆಮೇಲೆ ತಂತಿಯಕ್ಕ ಪಿಯಾನೋದ ಮುಚ್ಚಳ ತೆಗೆದಳು.

ಅವಳು ಹೆದರಿದಷ್ಟು ಕಷ್ಟವಾಗಲಿಲ್ಲ ಅನ್ನುವುದು ನಿಜ, ಸುಲಭವಾಯಿತು ಅನ್ನುವುದು ಸುಳ್ಳು. ಕವೆಯನ್ನು ಬಡಿದು, ಮೊದಲ ತಂತಿಯನ್ನು ಅದಕ್ಕೆ ಬಿಗಿಯುವಾಗ ಅವಳ ಒಳಗೆಲ್ಲ ‘ಇದಲ್ಲ, ಇದಲ್ಲ’ ಅನ್ನುತ್ತಿತ್ತು. ಹಲ್ಲು ಕಚ್ಚಿ ಬಿಗಿದಳು. ಆದರೆ ಎರಡನೇ ತಂತಿಗೆ ಬಂದಾಗ ಅಲೆ ಕೇಳಿಸಿತು. ಅಲೆ ಮಾತ್ರ ಮೊದಲಿನಂತೆಯೇ ಇತ್ತು. ಅದು ಏರಿರಲಿಲ್ಲ, ಇಳಿದಿರಲಿಲ್ಲ. ನಡುಗಿತು, ನಿಧಾನವಾಯಿತು, ನಿಂತಿತು. ಮಾವ ಕಲಿಸಿದ್ದು ಅಲೆಯನ್ನು. ಆ ಸ್ವರದ ನೆನಪು ಅವಳು ಹುಟ್ಟಿನಿಂದ ತಂದದ್ದು, ಅದು ಹೋಗಿತ್ತು. ಕಲಿತದ್ದು ಕೈಯಲ್ಲೇ ಉಳಿದಿತ್ತು. ಸಂಜೆಯ ಹೊತ್ತಿಗೆ ಟೀಚರು ಕ್ಲಾರಿನೆಟ್ ಊದಿದಾಗ ಎರಡೂ ವಾದ್ಯಗಳು ಒಂದೇ ತಟ್ಟೆಯಲ್ಲಿ ಉಂಡವರಂತೆ ಕೂಡಿಕೊಂಡವು. ಟೀಚರ ಮುಖ ಅರಳಿತು. ತಂತಿಯಕ್ಕನಿಗೆ ಎರಡೂ ಕೀರಲಾಗಿ ಕೇಳಿಸಿದವು. "ಸರಿಯಾಯ್ತು" ಅಂದಳು.

ಒಂದೇ ಸಲಕ್ಕೆ ಅಷ್ಟು ಬಿಗಿದರೆ ತಂತಿ ಮತ್ತೆ ಸಡಿಲಾಗುತ್ತದೆ, ಹಾಗಾಗಿ ಪ್ರತಿ ಪಿಯಾನೋಗೂ ಎರಡೆರಡು ಸಲ ಹೋಗಬೇಕಾಯಿತು. ಐದು ತಿಂಗಳು ಹಿಡಿಯಿತು. ಯಾರಿಂದಲೂ ಕೂಲಿ ತೆಗೆದುಕೊಳ್ಳಲಿಲ್ಲ. ಪ್ರತಿ ಮನೆಯ ಬಾಗಿಲಲ್ಲೂ ಅದೇ ಮಾತು ಹೇಳಿದಳು: ನನ್ನ ಕಿವಿ ತಪ್ಪಿದೆ, ನಿಮ್ಮ ಪಿಯಾನೋ ಇಳಿದಿದೆ, ಸರಿ ಮಾಡಿಕೊಡುತ್ತೇನೆ. ಮೊದಲ ನಾಲ್ಕೈದು ಕಡೆ ಕಷ್ಟವಾಯಿತು, ಆಮೇಲೆ ರೂಢಿಯಾಯಿತು. ಹೋಟೆಲಿನವರು ಇನ್ನೊಬ್ಬ ಶ್ರುತಿಗಾರನನ್ನು ಕರೆಸಿಕೊಂಡರು, ಅದು ಅವಳಿಗೆ ಚುಚ್ಚಿತು. ಮಿಕ್ಕವರಲ್ಲಿ ಹೆಚ್ಚಿನವರು, "ನಮಗೆ ಗೊತ್ತೇ ಆಗಿರಲಿಲ್ವಲ್ಲ ಅಕ್ಕ" ಅಂದರು. ಅದು ಇನ್ನೂ ಸ್ವಲ್ಪ ಚುಚ್ಚಿತು.

ನಿವೃತ್ತರ ಹಾಡುಗಾರಿಕೆ ಬಳಗ ಸೇರುವುದು ಗ್ರಂಥಾಲಯದ ಮಹಡಿಯಲ್ಲಿ, ಪ್ರತಿ ಬುಧವಾರ ಮಧ್ಯಾಹ್ನ. ಅದರ ಮುಖಂಡರು ಒಬ್ಬ ಹಳೇ ಪೋಸ್ಟ್‌ಮ್ಯಾನು. ತಂತಿಯಕ್ಕ ಬಂದು ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಎಷ್ಟು ವರ್ಷದಿಂದ ಇಳಿದಿದೆ ಅಂದ್ರಿ?"

"ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ವರ್ಷ."

"ಅಯ್ಯೋ ಅಕ್ಕ, ಹಾಗಾದ್ರೆ ಇದು ನಿಮ್ಮ ಕೈಗುಣ. ಮೇಲಿನ ಸ್ವರಕ್ಕೆ ನಮ್ಮ ಗಂಟಲು ಮೊದಲಿಗಿಂತ ಚೆನ್ನಾಗಿ ಹೋಗ್ತಿದೆ ಅಂತ ನಾವು ಬಿಸಿನೀರು ಜೇನುತುಪ್ಪಕ್ಕೆ ದೊಡ್ಡಸ್ತಿಕೆ ಕೊಡ್ತಾ ಇದ್ವಿ." ಅವರು ಹಿಂದೆ ತಿರುಗಿ ಬಳಗವನ್ನು ಕೇಳಿದರು, "ಏರಿಸೋದಾ, ಹಾಗೇ ಬಿಡೋದಾ? ಹಾಗೇ ಬಿಡೋಣ ಅನ್ನೋರು ಕೈ ಎತ್ತಿ." ಹದಿನೇಳು ಕೈಗಳು ಎದ್ದವು. ಏರಿಸಿ ಎಂದು ಕೈಯೆತ್ತಿದವರು ಒಬ್ಬರೇ, ಅವರು ಫ್ಯಾನು ಏರಿಸುವ ಮಾತೆಂದು ತಿಳಿದಿದ್ದರು.

ಹೀಗೆ ಊರಿನಲ್ಲಿ ಒಂದು ಪಿಯಾನೋ ಕೆಳಗೇ ಉಳಿಯಿತು. ಹಾಗೇ ಬಿಡುವುದಾದರೂ ಒಮ್ಮೆ ನೋಡಿ ಹೋಗೋಣವೆಂದು ತಂತಿಯಕ್ಕ ಅದರ ಮುಂದೆ ಕೂತು ಕೀ ಒತ್ತಿದಳು. ಐದು ತಿಂಗಳಿನಿಂದ ಕೀರಲುಗಳ ನಡುವೆ ಇದ್ದ ಕಿವಿಗೆ, ಬಿಗಿಯಾದ ಚಪ್ಪಲಿ ಕಳಚಿ ತಣ್ಣನೆಯ ನೆಲದ ಮೇಲೆ ಕಾಲಿಟ್ಟಂತಾಯಿತು. ಅವಳು ಎಂದೂ ಯಾರೆದುರೂ ನುಡಿಸಿದವಳಲ್ಲ. ಅವತ್ತು ಮಾವನ ನಿಧಾನಗತಿಯ ರಾಗವನ್ನು, ಅಲ್ಲಲ್ಲಿ ತಡವರಿಸುತ್ತ, ಕೊನೆಯವರೆಗೂ ನುಡಿಸಿದಳು. ಹದಿನೆಂಟು ಜನ ಮುದುಕ ಮುದುಕಿಯರು ಕೂತು ಕೇಳಿದರು. ಮುಗಿದ ಮೇಲೆ ಪೋಸ್ಟ್‌ಮ್ಯಾನು, "ಬುಧವಾರ ನಿಮಗೆ ಬಿಡುವಿರುತ್ತಾ?" ಎಂದು ಕೇಳಿದರು. ಬಳಗಕ್ಕೆ ಪಿಯಾನೋ ನುಡಿಸುತ್ತಿದ್ದಾಕೆ ಮಗನ ಊರಿಗೆ ಹೋಗಿ ಆರು ತಿಂಗಳಾಗಿತ್ತು.

ಕನ್ನಡಕದವರಿಗೆ ಇದೆಲ್ಲ ತಿಳಿದಾಗ ಎದೆಯುಬ್ಬಿಸಿಕೊಂಡು ಅಂಗಡಿಗೆ ಬಂದರು. "ನಾನು ಹೇಳಿರಲಿಲ್ವಾ, ನಾನೂರ ಮೂವತ್ತೆರಡರಲ್ಲಿ ಏನೋ ಇದೆ ಅಂತ? ನಿಮ್ಮ ಯಜಮಾನರ ಭುಜವೂ ಸರಿಹೋಯ್ತು."

"ಭುಜ ಸರಿ ಮಾಡಿದ್ದು ವ್ಯಾಯಾಮದವರು" ಅಂದಳು ತಂತಿಯಕ್ಕ. "ನಿಮ್ಮ ನಂಬರಲ್ಲಿ ಔಷಧಿ ಏನೂ ಇಲ್ಲ. ನನ್ನ ಕಿವಿ ಜಾರಿ ಬಿದ್ದ ಜಾಗ ಅದು, ಅಷ್ಟೇ."

ಅವರು ತಲೆದೂಗಿದರು. "ಅದನ್ನ ಕನ್ನಡಕದವನಿಗೆ ಹೇಳ್ಬೇಕಾ ಅಕ್ಕ? ನಾನು ಮಾಡೋದೂ ಅದೇ. ಕಣ್ಣು ಜಾರಿದ ಜಾಗಕ್ಕೆ ಅಕ್ಷರ ತಂದು ಕೊಡೋದು."

ಅವಳಿಗೆ ಅದು ಬಹಳ ಹಿಡಿಸಿತು. ಅಂದಿನಿಂದ ಮನೆಯಲ್ಲಿ ನಾನೂರ ಮೂವತ್ತೆರಡಕ್ಕೆ ‘ಕಿವಿಗನ್ನಡಕ’ ಎಂದೇ ಹೆಸರಾಯಿತು. ಮಗಳು ಬಂದು, ಅವಳ ಹಳೆಯ ಸಂಗೀತವನ್ನೆಲ್ಲ ಫೋನಿಗೆ ಹಾಕಿ, ಎಂಟು ಕಂಪನ ಇಳಿಸುವುದು ಹೇಗೆಂದು ತೋರಿಸಿಕೊಟ್ಟಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಗಂಡ ಹೆಂಡತಿ ಇಯರ್‌ಫೋನಿನ ಒಂದೊಂದು ತುದಿ ಒಬ್ಬೊಬ್ಬರ ಕಿವಿಗೆ ಸಿಕ್ಕಿಸಿಕೊಂಡು ಕೂರತೊಡಗಿದರು. ಒಮ್ಮೆ ಅವಳು ಅವನನ್ನು ಪರೀಕ್ಷಿಸಿದಳು. ನಾನೂರ ನಲವತ್ತರದ್ದೊಂದು, ಮೂವತ್ತೆರಡರದ್ದೊಂದು ಹತ್ತು ಸಲ ಹಿಂದುಮುಂದಾಗಿ ಹಾಕಿ, ಯಾವುದು ಯಾವುದು ಹೇಳಿ ಅಂದಳು. ಹತ್ತರಲ್ಲಿ ಹತ್ತೂ ತಪ್ಪು ಹೇಳಿದ.

"ಅಲ್ಲ ರೀ, ಸುಮ್ಮನೆ ಕಣ್ಣು ಮುಚ್ಚಿ ಹೇಳಿದ್ರೂ ಐದಾದ್ರೂ ಸರಿಯಾಗ್ಬೇಕಿತ್ತು."

"ನಾನು ಕೇಳ್ತಿದ್ದದ್ದು ಹಾಡನ್ನಲ್ಲ" ಅಂದ ಬೀಗದಣ್ಣ. "ನಿನ್ನ ಮುಖ ನೋಡ್ತಿದ್ದೆ. ಕಣ್ಣು ಒದ್ದೆಯಾದಾಗೆಲ್ಲ ಇದು ಕೀರಲಿನದ್ದು ಅಂದ್ಕೊಂಡೆ. ಅದರಲ್ಲೂ ತಪ್ಪಿದೆ ಅನ್ನು."

ಇನ್ನೊಂದು ಭಾನುವಾರ ಅವಳು, ಡಾಕ್ಟರು ಇದು ಇನ್ನೂ ಸರಿಯಬಹುದು ಎಂದಿದ್ದನ್ನು ನೆನೆದು ಸಪ್ಪಗಾದಳು. ಅವನು, "ಹಾಗಾದ್ರೆ ನಾನೂರ ಇಪ್ಪತ್ತಾರು ಹುಡುಕೋಣ. ಕನ್ನಡಕದ ನಂಬರ್ ಬದಲಾಯಿಸಲ್ವಾ?" ಅಂದ.

ಬುಧವಾರಗಳಂದು ಈಗ ತಂತಿಯಕ್ಕ ಮಧ್ಯಾಹ್ನ ಎರಡರ ಮೇಲೆ ಯಾರ ಮನೆಗೂ ಹೋಗುವುದಿಲ್ಲ. ಬೆಳಿಗ್ಗೆ ಕವೆ ಹಿಡಿದು ಊರಿನ ಶ್ರುತಿಗೆ ದುಡಿಯುತ್ತಾಳೆ, ಮಧ್ಯಾಹ್ನ ಗ್ರಂಥಾಲಯದ ಮಹಡಿ ಹತ್ತಿ ತನ್ನ ಶ್ರುತಿಗೆ ನುಡಿಸುತ್ತಾಳೆ. ಬೀಗದಣ್ಣನೂ ಅಂಗಡಿಯ ಶಟರು ಅರ್ಧ ಎಳೆದು ಅವಳ ಹಿಂದೆ ಹೋಗುತ್ತಾನೆ. ಮೊದಲ ವಾರ ಅವನನ್ನು ಹಿಂದಿನ ಸಾಲಿನಲ್ಲಿ ಹಾಡಲು ನಿಲ್ಲಿಸಿದರು. ಅವನ ದನಿ ನಾನೂರ ನಲವತ್ತಕ್ಕೂ ಸೇರಲಿಲ್ಲ, ನಾನೂರ ಮೂವತ್ತೆರಡಕ್ಕೂ ಸೇರಲಿಲ್ಲ. ಎರಡನೇ ವಾರದಿಂದ ಪೋಸ್ಟ್‌ಮ್ಯಾನು ಬಹಳ ಮರ್ಯಾದೆಯಿಂದ ಅವನನ್ನು ಪಿಯಾನೋ ಪಕ್ಕದ ಕುರ್ಚಿಗೆ ಬಡ್ತಿ ಕೊಟ್ಟು, ಪುಟ ತಿರುಗಿಸುವ ಕೆಲಸ ವಹಿಸಿದ್ದಾರೆ. ಹಾಳೆಯ ಮೇಲಿನ ಗುರುತುಗಳು ಅವನಿಗೆ ಓದಲು ಬರುವುದಿಲ್ಲ. ಹೆಂಡತಿ ಗಲ್ಲ ಎತ್ತಿದಾಗ ತಿರುಗಿಸುತ್ತಾನೆ. ಇದುವರೆಗೆ ಎರಡೇ ಸಲ ಎರಡು ಪುಟ ಒಟ್ಟಿಗೆ ತಿರುಗಿಸಿದ್ದಾನೆ, ಎರಡೂ ಸಲ ಬಳಗದವರು ಏನೂ ಆಗದವರಂತೆ ಹಾಡು ಮುಂದುವರಿಸಿದ್ದಾರೆ.